ಗಿಡದ ಮಾರಿ ತೊಳೆದ ವರ್ಷ

ಮೊನ್ನೆ ಬಾದಾಮಿಯಲ್ಲಿ ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಾನು ಕಲಿಸುವ ಶಾಲೆಯ ಮಕ್ಕಳಿಗೆ ಗುಹೆ ತೋರಿಸಲು ಹೋಗಿದ್ದೆವು. ಮಧ್ಯಾಹ್ನ ಊಟಕ್ಕೆ ನಿಂತ ಹೋಟೆಲಿನ ಬಾಗಿಲ ಎರಡೂ ಕಡೆ ಕುಂಡಗಳ ಸಾಲಿತ್ತು. ಕುಂಡದ ತುಂಬ ಬೂದಿ ಮೆತ್ತಿದ ಹಾಗೆ ಕಾಣುವ ಬೆಳ್ಳಿ ಬಣ್ಣದ ಎಲೆಗಳು. ಮಕ್ಕಳು ಕೈ ತೊಳೆಯಲು ಓಡಿದರು. ನಾನು ಬಾಗಿ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಸೆರಗಿನ ತುದಿಯಿಂದ ಒರೆಸಿಬಿಟ್ಟೆ. ಒರೆಸಿದಲ್ಲಿ ಬೆಳ್ಳಿ ಹೋಗಿ ಹಸಿರು ಕಂಡಿತು.

ನೀರು ಬಿಡುತ್ತಿದ್ದ ತೋಟದವನು ಪೈಪು ಕೆಳಗಿಟ್ಟು ಬಂದ. "ಯಕ್ಕಾ, ಹಂಗ ತಿಕ್ಕಬ್ಯಾಡ್ರಿ. ಅದು ಧೂಳಲ್ಲ. ಅದರ ಬಣ್ಣಾನ ಹಂಗ ಐತಿ."

"ಗೊತ್ತೈತಪಾ," ಅಂದೆ. "ನನಗ ಭಾಳ ಚೊಲೋ ಗೊತ್ತೈತಿ."

ಗೊತ್ತಿದ್ದೂ ಯಾಕೆ ತಿಕ್ಕಿದಳು ಈಕೆ ಎಂಬಂತೆ ಅವನು ನನ್ನ ಮುಖ ನೋಡಿದ. ಆ ದಿನ ನನಗೆ ಊಟ ಸೇರಲಿಲ್ಲ. ಜೊತೆಯ ಮೇಡಂ ಬಿಸಿಲು ಬಡಿದಿರಬೇಕು ಎಂದು ನಿಂಬೆಹಣ್ಣಿನ ಶರಬತ್ತು ತರಿಸಿಕೊಟ್ಟರು. ನಾನೂ ಬಿಸಿಲೇ ಇರಬೇಕು ಅಂದೆ. ಬಿಸಿಲಿನ ಮೇಲೆ ಹಾಕುವ ಸುಳ್ಳು ನನಗೆ ಹೊಸದಲ್ಲ.

ನಮ್ಮ ಮನೆ ಇಳಕಲ್ಲಿನ ಅಂಚಿಗೆ, ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದಿನ ಓಣಿಯಲ್ಲಿದೆ. ಇಳಕಲ್ಲೆಂದರೆ ಹೊರಗಿನವರಿಗೆ ಸೀರೆ. ನಮ್ಮ ಓಣಿಗೆ ಬಂದರೆ ಉಟ್ಟ ಸೀರೆಯ ಬಣ್ಣ ಯಾವುದೆಂದು ಸಂಜೆ ಹೊತ್ತಿಗೆ ಮರೆತುಹೋಗುತ್ತದೆ. ಒಣಹಾಕಿದ ಹಪ್ಪಳದ ಮೇಲೆ, ಮಡಿಚಿಟ್ಟ ಹಾಸಿಗೆಯ ಮೇಲೆ, ಮುಚ್ಚಿದ ಕೊಡದ ಮುಚ್ಚಳದ ಮೇಲೆ ಎಲ್ಲೆಲ್ಲೂ ಕಲ್ಲಿನ ಪುಡಿ. ನಾನು ಹುನಗುಂದದಿಂದ ಮದುವೆಯಾಗಿ ಬಂದ ಹೊಸತರಲ್ಲಿ ದಿನಕ್ಕೆ ಎಷ್ಟು ಸಲ ಕಸ ಗುಡಿಸುತ್ತಿದ್ದೆನೋ. ಆಮೇಲೆ ಜಾಣಳಾಗಿ ಬಿಟ್ಟುಬಿಟ್ಟೆ.

ಬಿಡದವರೆಂದರೆ ನಮ್ಮ ಅತ್ತೆ ಗೌರವ್ವ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಮಗ್ಗದ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಒಬ್ಬನೇ ಮಗನನ್ನು ಸಾಕಿದವರು. ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕಿದ ಮೇಲೆ ಒಂದು ಬಟ್ಟಲು ನೀರು, ಹಳೆ ಸೀರೆಯದೊಂದು ತುಂಡು ಹಿಡಿದು ಗಿಡಗಳ ಮುಂದೆ ಕೂಡುತ್ತಿದ್ದರು. ತುಳಸಿ, ದಾಸವಾಳ, ಕಣಗಿಲೆ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದೊಂದೇ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಒರೆಸುವುದು. ನೂಲು ಹಿಡಿದು ಪಳಗಿದ ಬೆರಳಾದ್ದರಿಂದ ಎಲೆ ಅಲುಗುತ್ತಲೂ ಇರಲಿಲ್ಲ. ಇದಕ್ಕೆ ಅವರು ಇಟ್ಟ ಹೆಸರು ಗಿಡದ ಮಾರಿ, ಅಂದರೆ ಮುಖ, ತೊಳೆಯುವುದು.

"ಮಾರಿ ತೊಳೀದಿದ್ರ ಅವು ಉಸರ ಹ್ಯಾಂಗ ಆಡಬೇಕವ್ವಾ?" ಅನ್ನುತ್ತಿದ್ದರು.

"ಹಲ್ಲೂ ಉಜ್ಜಸ್ರಿ ಅತ್ತೀ, ಅದ್ಯಾಕ ಬಿಟ್ರಿ?" ಅಂತ ನಾನು ಕಾಡುತ್ತಿದ್ದೆ.

"ಹಲ್ಲ ಇದ್ರ ಅದನ್ನೂ ಮಾಡ್ತಿದ್ನಿ. ನಿನಗೇನ ತ್ರಾಸ?"

ನಮ್ಮ ಯಜಮಾನರು ಮಹಾಂತೇಶ, ಅವರ ಅವ್ವನ ಬಾಯಲ್ಲಿ ಮಾಂತು, ಆ ಕಲ್ಲಿನ ಶೆಡ್ಡುಗಳಲ್ಲೇ ಒಂದರಲ್ಲಿ ಕೆಲಸಕ್ಕಿದ್ದರು. ದೊಡ್ಡ ಕಲ್ಲು ಕೊಯ್ಯುವ ಯಂತ್ರಕ್ಕೆ ನೀರು ಬಿಡುತ್ತಿರುತ್ತಾರೆ, ಅಲ್ಲಿ ಧೂಳು ಅಷ್ಟಿಲ್ಲ. ಇವರದು ಕಲ್ಲಿನ ಹಲಗೆಗಳ ಅಂಚು ನುಣುಪು ಮಾಡುವ ಕೈಯಂತ್ರ. ಅದಕ್ಕೆ ನೀರಿಲ್ಲ. ದಿನವಿಡೀ ಒಣ ಪುಡಿ ಮುಖಕ್ಕೆ ಹಾರುತ್ತದೆ. ಸಂಜೆ ಬರುವಾಗ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ. ಮದುವೆಯಾದ ಹೊಸತರಲ್ಲಿ "ನಿಮ್ಮ ಮುದುಕ ಬಂದ ನೋಡ್ರಿ" ಅಂತ ಅತ್ತೆಗೆ ಕೂಗಿ ಹೇಳಿ ನಗುತ್ತಿದ್ದೆ. ಇವರು ನಿಜವಾಗಿ ಮುದುಕರಾಗುವ ಭಾಗ್ಯ ನಮಗಿರಲಿಲ್ಲ.

ಒಂದು ವರ್ಷ ಮಳೆಗಾಲದಲ್ಲಿ ಇವರಿಗೆ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಶೆಡ್ಡಿಗೆ ರಜೆ ಹಾಕಿಸಿ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಫೋಟೊ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. ಒಳಗೆ ಕಲ್ಲಿನ ಪುಡಿ ಕೂತಿದೆ ಎಂದರು.

"ತೊಳದ್ರ ಹೋಗೂದಿಲ್ಲೇನ್ರಿ?" ಇವರು ಕೇಳಿದರು. ಹುಡುಗಾಟಕ್ಕೆ ಅಲ್ಲ, ಖರೆನೇ ಕೇಳಿದ್ದು. ಧೂಳು ಕೂತರೆ ತೊಳೆಯುವುದು, ನಮ್ಮ ಮನೆಯಲ್ಲಿ ಕಲಿತ ವಿದ್ಯೆ ಅದು.

ಡಾಕ್ಟರು ನಗಲಿಲ್ಲ. "ಕುಂತದ್ದು ಹೋಗೂದಿಲ್ರಿ. ಇನ್ನ ಮ್ಯಾಲ ಕೂಡದಂಗ ನೋಡ್ಕೋಬೇಕು. ಆ ಕೆಲಸಾ ಬಿಟ್ಟಬಿಡ್ರಿ. ಬಿಟ್ರ ತಡೀತೈತಿ. ಬಿಡಲಿಲ್ಲಂದ್ರ ನಾ ಏನೂ ಹೇಳಾಕ ಬರೂದಿಲ್ಲ."

ಬಿಡುವುದು ಹೇಗೆ? ನನ್ನ ಖಾಸಗಿ ಶಾಲೆಯ ಪಗಾರ ಮೂವರ ಮನೆಗೆ ಸಾಲುವಂಥದಲ್ಲ. ಇವರಿಗೆ ಕಲ್ಲಿನ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಗೆ ತಲೆ ಕೊಟ್ಟು ಕೂತಿದ್ದರು. ಶಿರೂರು ಬರುವಷ್ಟರಲ್ಲಿ ಕೆಮ್ಮು ಹತ್ತಿ ಉಸಿರು ಸಿಗದ ಹಾಗಾಯಿತು. ಇಳಿದು, ರಸ್ತೆ ಪಕ್ಕದ ಒಂದು ನರ್ಸರಿಯ ನೆರಳಿನಲ್ಲಿ ಕೂತೆವು. ನರ್ಸರಿಯ ರಾಜೇಸಾಬ ತಂಬಿಗೆಯಲ್ಲಿ ನೀರು ತಂದುಕೊಟ್ಟ.

ನೀರು ಕುಡಿದು ಸುಧಾರಿಸಿಕೊಂಡ ಇವರು ಎದುರಿಗಿದ್ದ ಕುಂಡ ನೋಡಿ, "ಇಲ್ಲೂ ಧೂಳ ಬಿಟ್ಟಿಲ್ಲಲ್ಲೋ ಮಾರಾಯಾ," ಅಂದರು.

ರಾಜೇಸಾಬ ನಕ್ಕ. "ಧೂಳಲ್ರೀ ಯಣ್ಣಾ, ಬೆಳ್ಳಿ ಎಲಿ ಗಿಡಾ ಅದು. ಮುಟ್ಟಿ ನೋಡ್ರಿ, ಕುರಿಮರಿ ಕಿವಿ ಇದ್ದಂಗ ಐತಿ."

ಇವರು ಮುಟ್ಟಿದರು. ಎಲೆ ಬಿಡದೆ ಬಹಳ ಹೊತ್ತು ಸವರುತ್ತಲೇ ಕೂತರು. ರಾಜೇಸಾಬ ಮಾತಾಡುತ್ತ ಹೋದ. ಬಾದಾಮಿಯ ಹೋಟೆಲಿನವರು ಇಂಥದೇ ಬೇಕು ಅಂತಾರೆ, ಪುಣೆಯ ಕಡೆಯಿಂದ ಲಾರಿಯಲ್ಲಿ ತರಿಸುತ್ತೇನೆ, ದಾರಿಯಲ್ಲೇ ಅರ್ಧ ಸಾಯುತ್ತವೆ, ಇಲ್ಲೇ ಯಾರಾದರೂ ಟೊಂಗೆಯ ಕಡ್ಡಿ ಹಚ್ಚಿ ಬೆಳೆಸಿದರೆ ಇದ್ದಷ್ಟೂ ನಾನೇ ಒಯ್ಯುತ್ತೇನೆ, ನನಗೆ ಹೊತ್ತಿಲ್ಲ, ಇತ್ಯಾದಿ. ಹೂವಿಲ್ಲ, ಕಾಯಿಲ್ಲ, ಇದನ್ನು ಕೊಳ್ಳುವವರೂ ಇದ್ದಾರಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವರ ಮುಖ ನೋಡಿ ನುಂಗಿಕೊಂಡೆ. ಆ ಮುಖದಲ್ಲಿ ಆಸೆ ಇತ್ತು.

"ಹ್ಯಾಂಗ ಹಚ್ಚೂದ್ರಿ?" ಇವರೇ ಕೇಳಿದರು.

ಎಳೆಯ ಟೊಂಗೆಯನ್ನು ಗೆಣ್ಣಿನ ಕೆಳಗೆ ಕೊಯ್ಯಬೇಕು, ಬುಡದ ಎಲೆ ತೆಗೆಯಬೇಕು, ಮರಳೇ ಹೆಚ್ಚಿರುವ ಮಣ್ಣಿನಲ್ಲಿ ಊರಬೇಕು. ಬುಡಕ್ಕೆ ಒಂದಿಷ್ಟೇ ನೀರು. ಪ್ಲಾಸ್ಟಿಕ್ ಹೊದಿಸಬಾರದು, ಎಲೆ ತೋಯಿಸಬಾರದು. ಚಳಿಗಾಲದಲ್ಲಿ ಹಚ್ಚಿದರೆ ಬೇರು ಬಿಟ್ಟು ಹತ್ತುತ್ತವೆ, ಬೇಸಿಗೆಗೆ ಮೊದಲೇ ಮಾರಿಬಿಡಬೇಕು. ರಾಜೇಸಾಬ ಹೇಳಿದ್ದು ಇಷ್ಟೇ. ನಾವು ಮೂರು ತಾಯಿಗಿಡ ಹಿಡಿದು ಮುಂದಿನ ಬಸ್ಸು ಹತ್ತಿದೆವು. ತೊಡೆಯ ಮೇಲೆ ಕುಂಡ ಇಟ್ಟುಕೊಂಡು ಇವರು ಇಳಕಲ್ಲಿನವರೆಗೂ ಕೆಮ್ಮಲಿಲ್ಲ. ಕೆಮ್ಮಲಿಲ್ಲ ಎನ್ನುವುದೇ ನನಗೆ ದೊಡ್ಡ ಶಕುನವಾಗಿ ಕಂಡಿತು. ಆ ಶೆಡ್ಡಿನೊಳಗೆ ಇವರನ್ನು ಮತ್ತೆ ಕಾಲಿಡಗೊಡಬಾರದು. ಆ ಚಳಿಗಾಲ ನಮ್ಮ ಮನೆಯಲ್ಲಿ ಇದೊಂದೇ ಮಾತು.

ಮೊದಲನೆಯ ಸಲದ ಕಡ್ಡಿಗಳನ್ನು ಕೊಂದದ್ದು ಇವರ ಜಾಣತನ. ಮರಳು ಸಿಗುವುದು ಕಷ್ಟ, ನಮ್ಮ ಓಣಿಯಲ್ಲಿ ಪುಕ್ಕಟೆ ಸಿಗುವುದು ಕಲ್ಲಿನ ಪುಡಿ. ಶೆಡ್ಡಿನ ಹಿಂದೆ ಕೆಸರಿನಂತೆ ಹರಿದು ಒಣಗಿದ ಗುಡ್ಡೆಯಿಂದ ಚೀಲ ತುಂಬಿಕೊಂಡು ಬಂದರು. "ಇದೂ ಕಲ್ಲಽ, ಮರಳೂ ಕಲ್ಲಽ. ಏನ ಫರಕ?" ಅಂದರು. ಎಣ್ಣೆಯ ಡಬ್ಬಿಗಳನ್ನು ಕೊಯ್ದು, ತೂತು ಹಾಕಿ, ಪುಡಿ ತುಂಬಿ ಕಡ್ಡಿ ಊರಿದರು. ನೀರು ಬಿದ್ದಿದ್ದೇ ತಡ, ಪುಡಿ ಸಿಮೆಂಟಿನಂತೆ ಹಿಡಿದುಕೊಂಡಿತು. ಕಡ್ಡಿಗಳೆಲ್ಲ ನಿಂತಲ್ಲೇ ಒಣಗಿದವು. ಒಂದನ್ನು ಕಿತ್ತು ನೋಡೋಣವೆಂದರೆ ಡಬ್ಬಿಯ ಆಕಾರದ ಹೆಂಟೆಯೇ ಎದ್ದು ಬಂತು.

ಇವರು ಆ ಹೆಂಟೆಯನ್ನು ಬೆರಳಿನಿಂದ ಬಡಿದು ನೋಡಿದರು. ಠಕ್ ಠಕ್ ಅಂದಿತು. "ಶೋಭಾ, ನನ್ನ ಎದಿಯಾಗೂ ಹಿಂಗಽ ಆಗಿರಬೇಕು," ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಬಾಯಾಗ ಒಂದ ಚೊಲೋ ಮಾತ ಇಲ್ಲೇನ ನಿಮಗ?" ಎಂದು ರೇಗಿ, ಹೆಂಟೆಯನ್ನು ಕಸಿದು ಹಿತ್ತಲಿಗೆ ಒಗೆದೆ. ಅದು ಒಡೆಯಲಿಲ್ಲ.

ಮನೆ ಕಟ್ಟಿಸುತ್ತಿದ್ದ ನೆರೆಯವರನ್ನು ಕೇಳಿ ಒಂದು ಚೀಲ ಮರಳು ತಂದೆ. ಎರಡನೆಯ ಸಲ ಹಚ್ಚಿದವು ಹತ್ತಿದವು. ಹತ್ತಿದ್ದು ಗೊತ್ತಾದ ಬೆಳಿಗ್ಗೆ ನೆನಪಿದೆ. ನಡುವಿನಿಂದ ಹೊಸ ಎಲೆ, ಉಗುರಿನಷ್ಟು, ಹಾಲಿನ ಕೆನೆಯ ಬಣ್ಣದ್ದು, ಒಂದೊಂದು ಡಬ್ಬಿಯಲ್ಲೂ. ಇವರು ಸಣ್ಣ ಹುಡುಗನ ಹಾಗೆ ಅಂಗಳದಿಂದಲೇ ಕೂಗಿದರು: "ಅವ್ವಾ ಬಾ! ಶೋಭಾ ಬಾ! ಹತ್ಯಾವು!"

ಪುಷ್ಯ, ಮಾಘ ಎರಡೂ ತಿಂಗಳು ಇವರು ಶೆಡ್ಡಿನ ಮುಖ ನೋಡಲಿಲ್ಲ. ಕಟ್ಟೆಯ ಮೇಲೆ ಕೂತು ಟೊಂಗೆ ಕೊಯ್ಯುವುದು, ಊರುವುದು, ಬುಡಕ್ಕೆ ಲೋಟದಿಂದ ಅಳತೆ ಮಾಡಿ ನೀರು ಹಾಕುವುದು, ಇದೇ ಕೆಲಸ. ಗೋಡೆಯುದ್ದಕ್ಕೂ ಡಬ್ಬಿಗಳ ಸಾಲು ಬೆಳೆಯಿತು. ರೊಟ್ಟಿ ಎರಡರ ಜಾಗದಲ್ಲಿ ಮೂರು ಇಳಿಯತೊಡಗಿದವು. ಕೆಮ್ಮು ಪೂರ್ತಿ ಹೋಗದಿದ್ದರೂ ಮೆತ್ತಗಾಯಿತು. ಮೀಸೆಯ ನಿಜವಾದ ಕಪ್ಪು ಎಷ್ಟೋ ವರ್ಷದ ಮೇಲೆ ಕಂಡಿತು. ರಾಜೇಸಾಬ ಒಮ್ಮೆ ಬಂದು ನೋಡಿ, "ಶಾಬಾಸ್ ಯಣ್ಣಾ! ಪುಣೇದಕ್ಕಿಂತ ಚೊಲೋ ಬಂದಾವು. ಯುಗಾದಿ ಮುಂದ ಗಾಡಿ ತರತೇನಿ, ಎಲ್ಲಾ ಒಯ್ತೇನಿ," ಅಂದ. ನಾನು ಆ ದಿನ ಹೋಳಿಗೆ ಮಾಡಿದೆ. ಹಬ್ಬ ಇರಲಿಲ್ಲ ಏನಿಲ್ಲ.

ಶಿವರಾತ್ರಿ ಕಳೆದ ಮೇಲೆ ಮೊದಲ ಗಿಡ ಹಸಿರಾಯಿತು. ಹಸಿರಾಯಿತು ಎಂದು ಸಂತೋಷಪಡಬೇಕಾದ್ದು ಬೇರೆ ಗಿಡಕ್ಕೆ. ಇದರ ಬೆಳ್ಳಿ ಹೋಗಿ ಎಲೆ ಬೋಳಾಗಿ, ಆ ಬೋಳಿನ ಮೇಲೆ ಬಿಸಿಲು ಬಿದ್ದು ಕಂದಿ, ನಡುವಿನ ಸುಳಿ ಕೊಳೆಯಿತು. ಬೆನ್ನಿಗೇ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ರೋಗವೆಂದು ಇವರು ಕೆಟ್ಟವನ್ನು ದೂರ ಇಟ್ಟರು. ಮರಳು ಬದಲಿಸಿದರು. ನೀರು ಇನ್ನೂ ಕಡಿಮೆ ಮಾಡಿದರು. ಬೇವಿನೆಣ್ಣೆ ತಂದರು. ಸಾಲಿನ ಉದ್ದಕ್ಕೂ ಬೆಳ್ಳಿ ಕರಗುತ್ತ ಹೋಯಿತು. ಇವರು ಮತ್ತೆ ಎರಡೇ ರೊಟ್ಟಿಗೆ ಬಂದರು.

ಒಂದು ನಸುಕಿನಲ್ಲಿ ಹಾಲಿಗೆಂದು ಬಾಗಿಲು ತೆಗೆದೆ. ಗೋಡೆಯ ಹತ್ತಿರ ಅತ್ತೆ ಕೂತಿದ್ದರು. ಪಕ್ಕದಲ್ಲಿ ನೀರಿನ ಬಟ್ಟಲು. ಕೈಯಲ್ಲಿ ಹಳೆ ಸೀರೆಯ ತುಂಡು. ಬೆಳ್ಳಿ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಒರೆಸುತ್ತಿದ್ದರು. ಬಟ್ಟೆಯಿಂದ ಇಳಿದ ಹನಿ ಸುಳಿಯೊಳಗೆ ನಿಲ್ಲುತ್ತಿತ್ತು.

ನಾನು ಬರಿಗಾಲಲ್ಲೇ ಅಂಗಳಕ್ಕೆ ಓಡಿದೆ. "ಅತ್ತೀ, ಏನ ಮಾಡಾಕತ್ತೀರಿ! ಅದು ಧೂಳಲ್ಲ, ಎಲಿ ತೋಯಿಸಬಾರದು ಅಂತ ಎಷ್ಟ ಸಲ ಹೇಳೇವಿ?"

ಅವರು ಕೈ ನಿಲ್ಲಿಸಲಿಲ್ಲ. "ನೀವು ಸಾಲಿ ಕಲತವ್ರು ಹೇಳ್ತೀರಿ. ನನ್ನ ಕಣ್ಣೇನ ಕುರುಡ ಐತೇನ? ಎಷ್ಟ ಕುಂತೈತಿ ನೋಡಿಲ್ಲೆ. ಒರಸಿದ್ರ ಬಟ್ಟಿಗೆ ಬರತೈತಿ. ಕೆಳಗ ಹಸರ ಎಲಿ ಐತಿ. ಧೂಳಲ್ಲಂದ್ರ ಬಟ್ಟಿಗೆ ಹ್ಯಾಂಗ ಬರತೈತಿ?"

ಬಟ್ಟೆ ತೋರಿಸಿದರು. ಖರೆ, ಬಟ್ಟೆ ಬೂದುಬಣ್ಣಕ್ಕೆ ತಿರುಗಿತ್ತು. ಎಲೆಯ ರೋಮವೂ ನಮ್ಮ ಓಣಿಯ ಪುಡಿಯೂ ಕೂಡಿ ಮೆತ್ತಿತ್ತು. ನಾನು ಅದನ್ನು ಕಸಿದುಕೊಳ್ಳಲು ಕೈ ಚಾಚಿದೆ. ಆಗ ಅವರು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಮಾಂತೂನ ಎದಿ ತೊಳ್ಯಾಕ ನನ್ನ ಕೈಲೆ ಆಗೂದಿಲ್ಲವ್ವಾ. ಡಾಕ್ಟರ ಕೈಲೇನೂ ಆಗಲಿಲ್ಲ. ಅಂವಾ ಜೀವಾ ಇಟ್ಟ ಗಿಡಾ ಇವು. ಇವನ್ನರೆ ತೊಳೀತೇನಿ."

ನಾನು ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ತಿರುಗಿ ನೋಡಿದರೆ ಇವರು ನನ್ನ ಹಿಂದೆಯೇ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಈಗ ರೇಗುತ್ತಾರೆ, ಬಟ್ಟಲು ಒದೆಯುತ್ತಾರೆ ಅಂದುಕೊಂಡೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಇವರು ನನ್ನ ಭುಜ ಮುಟ್ಟಿ ಒಳಗೆ ಕರೆದರು.

"ಅವ್ವಗ ಏನೂ ಹೇಳಬ್ಯಾಡ."

"ಹೇಳದಽ ಇದ್ರ ಉಳದವೂ ಹೋಗತಾವ್ರೀ!"

"ಹೋಗ್ಲಿ. ಬಿಸಲಿಗೆ ಹ್ವಾದು ಅಂತ ಹೇಳೂಣು. ಅವ್ವನ ಕೈಲೆ ಹ್ವಾದು ಅಂತ ಗೊತ್ತಾದ್ರ ಆಕಿ ಉಳಿಯೂದಿಲ್ಲ ಶೋಭಾ. ಇವತ್ತ ಗಿಡಾ ಅಂತಾಳ, ನಾಳೆ ನನ್ನೂ ತಾನಽ ಕೊಂದ್ನಿ ಅಂತಾಳ."

"ಮತ್ತ ನೀವು?" ಅಂದೆ. "ನಿಮಗೇನ ದಾರಿ?"

ಇವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಗಿಡಗಳನ್ನು ಮೇಲೆ ಮಾಳಿಗೆಗೆ ಒಯ್ದು ಇಡೋಣ ಎಂದು ನಾನು ಹಟ ಹಿಡಿದೆ. ಇಟ್ಟೆವು ಕೂಡ. ಅಲ್ಲಿ ಬಿಸಿಲು ಬಲವಾಗಿತ್ತು. ಬೋಳು ಎಲೆಗಳು ಎರಡು ದಿನದಲ್ಲಿ ಸುಟ್ಟವು. ಅತ್ತೆ ಮೆಟ್ಟಿಲು ಹತ್ತಲಾರದೆ ಕೆಳಗಿನಿಂದ, "ಅವಕ್ಕ ಯಾರ ಮಾರಿ ತೊಳೀತಾರ?" ಎಂದು ಚಡಪಡಿಸಿದರು. ಉಳಿದಿದ್ದ ನಾಲ್ಕಾರು ಗಿಡಗಳನ್ನು ಇವರೇ ತಮ್ಮ ಕೈಯಿಂದ ಕೆಳಗೆ ತಂದು ಅವ್ವನ ಮುಂದೆ ಇಟ್ಟರು. ಆಕೆ ಒರೆಸುತ್ತಿದ್ದರು, ಇವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನನಗೆ ಇಬ್ಬರ ಮೇಲೂ ತಡೆಯಲಾರದ ಸಿಟ್ಟು. ಇಬ್ಬರನ್ನೂ ಬಿಟ್ಟರೆ ನನಗೆ ಬೇರೆ ಯಾರೂ ಇರಲಿಲ್ಲ.

ಯುಗಾದಿಯ ಮುಂಚೆ ಹೇಳಿದ ಹಾಗೇ ರಾಜೇಸಾಬ ಗಾಡಿ ತಂದ. ಬರಿದಾದ ಡಬ್ಬಿಗಳ ಸಾಲು ನೋಡಿ ಒಂದು ಸಲ ನಮ್ಮನ್ನೂ ಒಂದು ಸಲ ಗೋಡೆಯನ್ನೂ ನೋಡಿದ. "ಏನಾತ್ರೀ ಯಣ್ಣಾ?"

"ಬಿಸಲ," ಅಂದರು ಇವರು.

"ಹೌದ್ರಿ, ಈ ಸಲ ಬಿಸಲ ಭಾಳ," ಅಂದ ರಾಜೇಸಾಬ. ಆಗಿನ್ನೂ ಬಿಸಿಲು ಅಂಥ ಭಾಳ ಇರಲಿಲ್ಲ. ಚಹಾ ಕುಡಿದು, ಮುಂದಿನ ಚಳಿಗಾಲಕ್ಕೆ ನೋಡೋಣ ಎಂದು ಖಾಲಿ ಗಾಡಿ ಹೊಡೆದುಕೊಂಡು ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಬ್ಬದ ಬೇವುಬೆಲ್ಲದಲ್ಲಿ ನಮ್ಮ ಪಾಲಿಗೆ ಬೆಲ್ಲ ಹಾಕಿದ್ದೆನೋ ಇಲ್ಲವೋ ನೆನಪಿಲ್ಲ.

ಹಬ್ಬದ ಮರುದಿನ ಇವರು ಮುಖಕ್ಕೆ ಒದ್ದೆ ಟವೆಲು ಕಟ್ಟಿಕೊಂಡು ಶೆಡ್ಡಿಗೆ ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ. ಬೇಡಿದೆ, ಬೈದೆ, ಹುನಗುಂದದಲ್ಲಿ ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂಡಿರಿ ಅಂದೆ. "ಇನ್ನೊಬ್ರ ಅಂಗಡ್ಯಾಗ ಕೆಮ್ಮಕೋತ ಕುಂತ್ರ ಗಿರಾಕಿ ಬರತಾರೇನ?" ಅಂದರು. ಅದೂ ಖರೆನೇ. ಮುಂದಿನ ಚಳಿಗಾಲಕ್ಕೆ ಮತ್ತೆ ಹಚ್ಚೋಣ, ಅಲ್ಲಿವರೆಗೆ ಅಷ್ಟೇ, ಎಂದು ನನ್ನ ಕೈ ಸರಿಸಿ ಹೋದರು. ಸಂಜೆ ಹುಬ್ಬು, ಮೀಸೆ, ರೆಪ್ಪೆ ಬೆಳ್ಳಗೆ ಮಾಡಿಕೊಂಡು ಬಂದರು. ಮುದುಕ ಬಂದ ಎಂದು ಯಾರೂ ಕೂಗಲಿಲ್ಲ.

ಮುಂದಿನ ಚಳಿಗಾಲ ಇವರಿಗೆ ಬರಲಿಲ್ಲ. ಶ್ರಾವಣದ ಒಂದು ಸೋಮವಾರ, ಮಳೆಯೂ ಅಲ್ಲದ ಬಿಸಿಲೂ ಅಲ್ಲದ ಹೊತ್ತಿನಲ್ಲಿ, ಬಾಗಲಕೋಟೆಗೆ ಒಯ್ಯುವ ದಾರಿಯಲ್ಲಿ ಹೋಗಿಬಿಟ್ಟರು. ಉಸಿರಿಗಾಗಿ ಅಷ್ಟು ಕಾದಾಡಿದ ಮನುಷ್ಯನನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ನಮ್ಮ ಪದ್ಧತಿಯಂತೆ ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ ಕುಳ್ಳಿರಿಸಿದರು. ಮಠದ ಅಯ್ಯನವರು ಹಣೆಗೆ, ಕೆನ್ನೆಗೆ, ತೋಳಿಗೆ, ಎದೆಗೆ ದಟ್ಟವಾಗಿ ವಿಭೂತಿ ಹಚ್ಚಿದರು. ಓಣಿಯ ಜನ ವಚನ ಹಾಡುತ್ತಿದ್ದರು. ಅತ್ತೆ ಅಲ್ಲಿಯವರೆಗೆ ಒಂದು ಹನಿ ಕಣ್ಣೀರೂ ಹಾಕದೆ ಮೂಲೆಯಲ್ಲಿ ಕೂತವರು ಎದ್ದರು. ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ನೀರಿನ ಬಟ್ಟಲು, ಹಳೆ ಸೀರೆಯ ತುಂಡು.

ಮಗನ ಮುಂದೆ ಕೂತು, ಗದ್ದ ಹಿಡಿದೆತ್ತಿ, ಹಣೆ ಒರೆಸತೊಡಗಿದರು. "ಎಷ್ಟ ಕುಂತೈತಿ ನೋಡು ನನ್ನಪ್ಪಾ," ಅಂದರು. "ಉಸರ ಹ್ಯಾಂಗ ಆಡಬೇಕ ನೀ?"

ಅಯ್ಯನವರು, "ಯಮ್ಮಾ, ವಿಭೂತಿ ಅದು, ಒರಸಬಾರದು," ಎಂದು ಕೈ ಹಿಡಿಯಲು ಬಂದರು. ಯಾರೋ ಹೆಂಗಸರು ಹಿಂದಿನಿಂದ ಅತ್ತೆಯ ಭುಜ ಹಿಡಿದರು.

"ಒರಸ್ಲಿ ಬಿಡ್ರಿ," ಅಂದೆ ನಾನು.

ಹಾಡು ನಿಂತಿತು. ಹಣೆ ಆಯಿತು, ಎರಡೂ ಕೆನ್ನೆ ಆಯಿತು, ರೆಪ್ಪೆ ಆಯಿತು. ಎದೆಯ ಹತ್ತಿರ ಬಂದಾಗ ಅವರು ಬಟ್ಟೆಯನ್ನು ಬಟ್ಟಲಲ್ಲಿ ಅದ್ದಿ, ಹಿಂಡಿ, ಮತ್ತೆ ಮೊದಲಿನಿಂದ ಒರೆಸಿದರು. ಬಟ್ಟಲಿನ ನೀರು ಬೆಳ್ಳಗಾಯಿತು. ಕೊನೆಗೆ ಮುಖ ಸ್ವಚ್ಛವಾಗಿ, ಮೀಸೆ ಕಪ್ಪಗೆ ಕಂಡಿತು. ಅತ್ತೆ ಒಮ್ಮೆ ದಿಟ್ಟಿಸಿ ನೋಡಿ, ತೃಪ್ತಿಯಾದವರಂತೆ ಬಟ್ಟಲು ಎತ್ತಿಕೊಂಡು ಎದ್ದರು.

ಆಮೇಲೆ ಅಯ್ಯನವರು ಮತ್ತೆ ವಿಭೂತಿ ಹಚ್ಚಿದರು.